ಡೆಡ್‌ವುಡ್‌ನ ನಾಟಕದಲ್ಲಿ ಇಲ್ಲದ ದೃಶ್ಯ

(ಅಮೆರಿಕದಲ್ಲಿರುವ ಕನ್ನಡಿಗರ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹಳ ಜನ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಸೌತ್ ಡಕೋಟಾ ಕಡೆ ಹೋಗಿ ಬಂದಿರುತ್ತೀರಿ. ಊರಿಂದ ಅಪ್ಪ ಅಮ್ಮ ಬಂದರೆ ತೋರಿಸಬೇಕಾದ ಜಾಗಗಳಲ್ಲಿ ಮೌಂಟ್ ರಶ್ಮೋರ್ ಇದ್ದೇ ಇರುತ್ತದೆ. ಬಂಡೆಯಲ್ಲಿ ಕೆತ್ತಿದ ನಾಲ್ವರು ಅಧ್ಯಕ್ಷರ ಮುಖ ನೋಡಿ, ಫೋಟೊ ತೆಗೆದುಕೊಂಡು, ಅಲ್ಲಿಂದ ಗಂಟೆ ಹೊತ್ತು ಕಾರು ಓಡಿಸಿದರೆ ಡೆಡ್‌ವುಡ್ ಎಂಬ ಪುಟ್ಟ ಊರು ಸಿಗುತ್ತದೆ. ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ನಡುವೆ, ಕಡಿದಾದ ಒಂದು ಕಣಿವೆಯಲ್ಲಿ ಉದ್ದಕ್ಕೆ ಚಾಚಿಕೊಂಡಿರುವ ಊರು. ಇಟ್ಟಿಗೆಯ ಹಳೇ ಕಟ್ಟಡಗಳು, ಒಳಗೆಲ್ಲಾ ಕ್ಯಾಸಿನೊಗಳು. ಇವತ್ತು ನಾನು ಮಾತಾಡಬೇಕೆಂದಿರುವುದು ಅಲ್ಲಿ ನಡೆಯುವ ಒಂದು ನಾಟಕದ ಬಗ್ಗೆ.

ಬೇಸಿಗೆಯ ಸಂಜೆಗಳಲ್ಲಿ ಅಲ್ಲಿನ ಮೇನ್ ಸ್ಟ್ರೀಟ್‌ನಲ್ಲಿ ಗುಂಡಿನ ಸದ್ದು ಕೇಳಿಸುತ್ತದೆ. ಒಬ್ಬ ಬಾರಿನಿಂದ ಹೊರಗೆ ಓಡಿ ಬರುತ್ತಾನೆ. ಹಿಂದೆ ನಾಲ್ಕಾರು ಜನ ಕೂಗುತ್ತಾ ಅಟ್ಟಿಸಿಕೊಂಡು ಬರುತ್ತಾರೆ. ಅವನನ್ನು ಹಿಡಿದು, ಎಳೆದುಕೊಂಡು ಹೋಗಿ, ನ್ಯಾಯಾಲಯದ ಹಾಗೆ ಜೋಡಿಸಿದ ಒಂದು ಸಭಾಂಗಣದಲ್ಲಿ ನಿಲ್ಲಿಸುತ್ತಾರೆ. ಪ್ರವಾಸಿಗರೂ ಹಿಂದೆಯೇ ಹೋಗುತ್ತಾರೆ. ಪ್ರೇಕ್ಷಕರಲ್ಲೇ ಕೆಲವರನ್ನು ಕರೆದು ಜ್ಯೂರಿಯಾಗಿ ಕೂರಿಸುತ್ತಾರೆ. ವಕೀಲರು ಜಗಳಾಡುತ್ತಾರೆ, ಸಾಕ್ಷಿಗಳು ತಮಾಷೆ ಮಾಡುತ್ತಾರೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಜಾಕ್ ಮೆಕಾಲ್‌ನ ವಿಚಾರಣೆ ಎಂಬ ಈ ನಾಟಕ 1920ರ ದಶಕದಿಂದ ಆಡುತ್ತಾ ಬಂದದ್ದು. ಒಂದೇ ಕಥೆ, ಒಂದೇ ಊರು, ಹೆಚ್ಚುಕಡಿಮೆ ನೂರು ವರ್ಷ.

ಕಥೆ ಏನು ಅಂತ ಹೇಳಿಬಿಡುತ್ತೇನೆ. 1876ರ ಆಗಸ್ಟ್ 2. ಡೆಡ್‌ವುಡ್ ಹುಟ್ಟಿ ಇನ್ನೂ ಕೆಲವೇ ತಿಂಗಳಾಗಿದೆ. ವೈಲ್ಡ್ ಬಿಲ್ ಹಿಕಾಕ್ ಎಂಬ ಹೆಸರುವಾಸಿ ಬಂದೂಕುಗಾರ ನಂಬರ್ 10 ಎಂಬ ಬಾರಿನಲ್ಲಿ ಇಸ್ಪೀಟು ಆಡುತ್ತಾ ಕೂತಿದ್ದಾನೆ. ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು ಕೂರುವ ಮನುಷ್ಯ ಅವನು. ಅವತ್ತು ಆ ಜಾಗ ಸಿಗಲಿಲ್ಲ. ಕುರ್ಚಿ ಬದಲಿಸಿಕೊಳ್ಳೋಣ ಅಂತ ಕೇಳಿದರೂ ಎದುರಿದ್ದವನು ಏಳಲಿಲ್ಲ. ಮೆಕಾಲ್ ಹಿಂದಿನಿಂದ ಬಂದು ತಲೆಗೆ ಗುಂಡು ಹೊಡೆದ. ಗುಂಡು ಹಿಕಾಕ್‌ನ ಕೆನ್ನೆ ಸೀಳಿಕೊಂಡು ಹೊರಬಂದು, ಎದುರು ಕೂತು ಆಡುತ್ತಿದ್ದ ಕ್ಯಾಪ್ಟನ್ ಮ್ಯಾಸಿ ಎಂಬವನ ಕೈಗೆ ಹೊಕ್ಕಿತು.

ಮಾರನೇ ದಿನವೇ ಚಿನ್ನದ ಗಣಿಗಾರರು ಸೇರಿ ಒಂದು ನಾಟಕಶಾಲೆಯಲ್ಲಿ ಕೋರ್ಟು ನಡೆಸಿದರು. ನನ್ನ ಸಹೋದರನನ್ನು ಹಿಕಾಕ್ ಕೊಂದಿದ್ದ, ಸೇಡು ತೀರಿಸಿಕೊಂಡೆ ಅಂದ ಮೆಕಾಲ್. ಜ್ಯೂರಿ ಅವನನ್ನು ಬಿಟ್ಟುಬಿಟ್ಟಿತು. ಅವನು ವಯೋಮಿಂಗ್ ಕಡೆ ಹೋಗಿ ತಾನು ಮಾಡಿದ್ದನ್ನು ಕೊಚ್ಚಿಕೊಂಡ. ಅಲ್ಲಿ ಅವನನ್ನು ಹಿಡಿದು, ಡಕೋಟಾ ಪ್ರಾಂತ್ಯದ ರಾಜಧಾನಿ ಯಾಂಕ್ಟನ್‌ಗೆ ತಂದು, 1876ರ ಡಿಸೆಂಬರ್‌ನಲ್ಲಿ ಮತ್ತೆ ವಿಚಾರಣೆ ಮಾಡಿದರು. ಈ ಸಲ ಶಿಕ್ಷೆಯಾಯಿತು. 1877ರ ಮಾರ್ಚ್ 1ರಂದು ಗಲ್ಲಿಗೇರಿಸಿದರು.

ಇಲ್ಲಿ ಸ್ವಲ್ಪ ನಿಂತುಕೊಳ್ಳೋಣ. ಒಂದು ಸಲ ಬಿಡುಗಡೆಯಾದವನನ್ನು ಅದೇ ಅಪರಾಧಕ್ಕೆ ಎರಡನೇ ಸಲ ವಿಚಾರಣೆ ಮಾಡುವ ಹಾಗಿಲ್ಲ, ಅಲ್ವಾ? ನಮ್ಮ ಸಂವಿಧಾನದ 20ನೇ ವಿಧಿಯಲ್ಲಿ ಈ ಮಾತಿಗೆ ಹತ್ತಿರದ ರಕ್ಷಣೆ ಇದೆ. ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿಯಲ್ಲಿ ನೇರವಾಗಿಯೇ ಇದೆ. ಮೆಕಾಲ್‌ನ ಕಡೆಯವರು ಇದೇ ವಾದ ಹೂಡಿದರು. ವಾದ ಬಿದ್ದುಹೋಯಿತು. ಯಾಕೆ?

ಪ್ರವಾಸಿ ಪುಸ್ತಕಗಳಲ್ಲಿ ಇದಕ್ಕೆ ಸಿಗುವ ಉತ್ತರ ಚಿಕ್ಕದು. ಆಗ ಡೆಡ್‌ವುಡ್‌ನಲ್ಲಿ ಕಾನೂನೇ ಇರಲಿಲ್ಲ, ಗಣಿಗಾರರ ಕೋರ್ಟಿಗೆ ಮಾನ್ಯತೆ ಇರಲಿಲ್ಲ. ಸರಿ. ಆದರೆ ಕಾನೂನು ಯಾಕೆ ಇರಲಿಲ್ಲ? ಊರು ತುಂಬಾ ದೂರದಲ್ಲಿತ್ತು ಅಂತಲಾ? ಪೊಲೀಸರು ಇನ್ನೂ ಬಂದಿರಲಿಲ್ಲ ಅಂತಲಾ? ಅಲ್ಲ. ಆ ನೆಲ ಅಮೆರಿಕನ್ನರು ಊರು ಕಟ್ಟಬಹುದಾದ ನೆಲವೇ ಆಗಿರಲಿಲ್ಲ. ಅದು ಲಕೋಟಾ ಎಂಬ ಮೂಲನಿವಾಸಿ ಜನರ ನೆಲ. ಅಮೆರಿಕ ಸರ್ಕಾರವೇ ಸಹಿ ಹಾಕಿ ಒಪ್ಪಿಕೊಂಡ ನೆಲ. ಅಲ್ಲಿಗೆ ಕಾಲಿಟ್ಟ ಪ್ರತಿಯೊಬ್ಬ ಗಣಿಗಾರನೂ ಅತಿಕ್ರಮಣ ಮಾಡಿದವನೇ. ಅಂಥವರು ಕಟ್ಟಿದ ಕೋರ್ಟಿಗೆ ನ್ಯಾಯ ಹೇಳುವ ಅಧಿಕಾರ ಎಲ್ಲಿಂದ ಬರಬೇಕು?

ಪಕ್ಕದವರ ಹೊಲಕ್ಕೆ ನುಗ್ಗಿ, ಅಲ್ಲೇ ಮನೆ ಕಟ್ಟಿಕೊಂಡು, ಆ ಮನೆಯೊಳಗೆ ನಡೆದ ಒಂದು ಹೊಡೆದಾಟಕ್ಕೆ ಜಗಲಿ ಮೇಲೆ ಪಂಚಾಯ್ತಿ ಸೇರಿಸಿದ ಹಾಗೆ ಇದು. ನೂರು ವರ್ಷದಿಂದ ಜನ ನೋಡುತ್ತಾ ಬಂದಿರುವುದು ಈ ಪಂಚಾಯ್ತಿಯನ್ನು. ಹೊಲ ಯಾರದು ಎಂಬ ಪ್ರಶ್ನೆಯ ಮೇಲೆಯೇ ಇಡೀ ಕಥೆ ನಿಂತಿದೆ, ಆದರೆ ಆ ಪ್ರಶ್ನೆಗೆ ಅಲ್ಲಿ ಒಂದು ದೃಶ್ಯವಿಲ್ಲ.

ಈಗ ಹೊಲದ ಕಥೆಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1868ರಲ್ಲಿ ಫೋರ್ಟ್ ಲಾರಮಿ ಎಂಬಲ್ಲಿ ಒಂದು ಒಪ್ಪಂದವಾಯಿತು. ಅದಕ್ಕೆ ಮುಂಚಿನ ಎರಡು ವರ್ಷ ರೆಡ್ ಕ್ಲೌಡ್ ಎಂಬ ನಾಯಕನ ಮುಂದಾಳತ್ವದಲ್ಲಿ ಲಕೋಟಾ ಜನ ಸೈನ್ಯದ ಜೊತೆ ಹೋರಾಡಿದ್ದರು. ಸೋತವರ ಮೇಲೆ ಹೇರಿದ ಒಪ್ಪಂದವಲ್ಲ ಅದು. ತಮ್ಮ ಬೇಟೆಯ ನೆಲದಲ್ಲಿ ಸೈನ್ಯ ಕಟ್ಟಿದ್ದ ಕೋಟೆಗಳನ್ನು ಖಾಲಿ ಮಾಡಿಸಿದ ಮೇಲೆ ರೆಡ್ ಕ್ಲೌಡ್ ಸಹಿ ಹಾಕಿದ್ದು. ಮಿಸೌರಿ ನದಿಯಿಂದ ಪಶ್ಚಿಮಕ್ಕೆ, ಇವತ್ತಿನ ಸೌತ್ ಡಕೋಟಾದ ಅರ್ಧದಷ್ಟು ಭಾಗ, ಬ್ಲ್ಯಾಕ್ ಹಿಲ್ಸ್ ಕೂಡ ಸೇರಿ, ಲಕೋಟಾ ಮತ್ತು ಅವರ ಜೊತೆಯ ಜನರಿಗೆ ಮೀಸಲು ಅಂತಾಯಿತು. ಬೇರೆ ಯಾರೂ ಅಲ್ಲಿ ನೆಲೆಸುವ ಹಾಗಿಲ್ಲ, ಅಪ್ಪಣೆ ಇಲ್ಲದೆ ಹಾದುಹೋಗುವ ಹಾಗೂ ಇಲ್ಲ. ಮುಂದೆ ಯಾವತ್ತಾದರೂ ಆ ನೆಲವನ್ನು ಬಿಟ್ಟುಕೊಡಬೇಕಾದರೆ ವಯಸ್ಕ ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಸಹಿ ಹಾಕಬೇಕು. ಈ ಕೊನೆಯ ಷರತ್ತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಲಕೋಟಾ ಜನ ಈ ಬೆಟ್ಟಗಳನ್ನು ಹೆ ಸಾಪಾ ಅನ್ನುತ್ತಾರೆ. ಅವರ ಹುಟ್ಟಿನ ಕಥೆಗಳು ಇಲ್ಲಿಂದಲೇ ಶುರುವಾಗುತ್ತವೆ.

ಒಪ್ಪಂದವಾಗಿ ಆರು ವರ್ಷಕ್ಕೆ, 1874ರ ಜುಲೈನಲ್ಲಿ, ಕಸ್ಟರ್ ಎಂಬ ಸೇನಾಧಿಕಾರಿ ಸುಮಾರು ಸಾವಿರ ಜನರನ್ನು, ನೂರಕ್ಕೂ ಜಾಸ್ತಿ ಬಂಡಿಗಳನ್ನು ಕಟ್ಟಿಕೊಂಡು ಬ್ಲ್ಯಾಕ್ ಹಿಲ್ಸ್‌ಗೆ ಹೊರಟ. ಕೋಟೆ ಕಟ್ಟಲು ಜಾಗ ನೋಡುವುದಕ್ಕೆ ಅಂತ ಹೇಳಿದರು. ಜೊತೆಯಲ್ಲಿ ಗಣಿ ಕೆಲಸ ಬಲ್ಲವರಿದ್ದರು, ಪತ್ರಿಕೆಯವರಿದ್ದರು, ಒಬ್ಬ ಫೋಟೊಗ್ರಾಫರ್ ಕೂಡ ಇದ್ದ. ಕೋಟೆಗೆ ಜಾಗ ನೋಡಲು ಇವರೆಲ್ಲಾ ಯಾಕೆ ಬೇಕಿತ್ತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಫ್ರೆಂಚ್ ಕ್ರೀಕ್ ಎಂಬ ತೊರೆಯಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಹೊತ್ತ ಸವಾರ ಫೋರ್ಟ್ ಲಾರಮಿಗೇ ಹೋದ. ಯಾವ ಜಾಗದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿತ್ತೋ ಅದೇ ಜಾಗದಿಂದ ಚಿನ್ನದ ಸುದ್ದಿ ತಂತಿಯಲ್ಲಿ ದೇಶಕ್ಕೆಲ್ಲಾ ಹರಡಿತು.

ಮೊದಮೊದಲು ಸೈನ್ಯ ಗಣಿಗಾರರನ್ನು ತಡೆದದ್ದು ನಿಜ. 1875ರ ಏಪ್ರಿಲ್‌ನಲ್ಲಿ ಒಂದು ತಂಡವನ್ನು ಬೆಟ್ಟದಿಂದ ಹೊರಗೆ ಕಳಿಸಿದ್ದರು. ಅದೇ ವರ್ಷ ಸರ್ಕಾರ ಬೆಟ್ಟಗಳನ್ನು ಕೊಳ್ಳಲು ನೋಡಿತು. 60 ಲಕ್ಷ ಡಾಲರ್ ಕೊಡುತ್ತೇವೆ, ಇಲ್ಲವೇ ವರ್ಷಕ್ಕೆ 4 ಲಕ್ಷದ ಹಾಗೆ ಗುತ್ತಿಗೆಗೆ ಕೊಡಿ ಅಂದರು. ಮಾತುಕತೆ ಮುರಿದುಬಿತ್ತು. ನವೆಂಬರ್ 3ರಂದು ಅಧ್ಯಕ್ಷ ಗ್ರಾಂಟ್ ತನ್ನ ಮಂತ್ರಿಗಳು, ಸೇನಾಧಿಕಾರಿಗಳ ಜೊತೆ ಶ್ವೇತಭವನದಲ್ಲಿ ಕೂತು ಒಂದು ನಿರ್ಧಾರ ಮಾಡಿದ. ಗಣಿಗಾರರು ಬರಬಾರದು ಎಂಬ ಆದೇಶ ಕಾಗದದಲ್ಲಿ ಹಾಗೇ ಇರಲಿ, ಸೈನ್ಯ ಮಾತ್ರ ಇನ್ನು ಮುಂದೆ ಅವರನ್ನು ತಡೆಯುವುದು ಬೇಡ. ಮುಂದಿನ ತಿಂಗಳು, ಹಿಮ ಬೀಳುವ ಕಾಲದಲ್ಲಿ, ಬೇಟೆಯ ನೆಲದಲ್ಲಿದ್ದ ಲಕೋಟಾ ಜನಕ್ಕೆ ಹೇಳಿ ಕಳಿಸಿದರು. ಜನವರಿ 31ರೊಳಗೆ ಸರ್ಕಾರಿ ಕಚೇರಿಗಳಿರುವ ಕಡೆಗೆ ಬಂದು ಸೇರಬೇಕು, ಬರದವರನ್ನು ಶತ್ರುಗಳು ಅಂತ ಲೆಕ್ಕ ಹಾಕುತ್ತೇವೆ. ಆ ಚಳಿಯಲ್ಲಿ, ಮಕ್ಕಳು ಮುದುಕರನ್ನು ಕರೆದುಕೊಂಡು, ಅಷ್ಟು ದೂರ, ಅಷ್ಟು ಬೇಗ ಬರಲು ಸಾಧ್ಯವೇ ಇರಲಿಲ್ಲ. ಯುದ್ಧಕ್ಕೆ ನೆಪ ಸಿಕ್ಕಿತು.

1876ರ ವಸಂತದಲ್ಲಿ ಡೆಡ್‌ವುಡ್ ಎದ್ದದ್ದು ಹೀಗೆ. ಒಂದು ಕಡೆ ಸೈನ್ಯ ಲಕೋಟಾ ಜನರನ್ನು ಬೇಟೆಯಾಡುತ್ತಿದೆ, ಇನ್ನೊಂದು ಕಡೆ ಸಾವಿರಾರು ಗಣಿಗಾರರು ಅವರ ಕಣಿವೆಯಲ್ಲಿ ಮರ ಕಡಿದು ಅಂಗಡಿ ಹಾಕುತ್ತಿದ್ದಾರೆ. ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ಹತ್ತಿರ ಲಕೋಟಾ ಮತ್ತು ಷೈಯೆನ್ ಯೋಧರು ಕಸ್ಟರ್‌ನನ್ನೂ ಅವನ ಜೊತೆಗಿದ್ದ ತುಕಡಿಯನ್ನೂ ಮುಗಿಸಿದರು. ಹಿಕಾಕ್ ಸತ್ತದ್ದು ಅದಾದ ಆರನೇ ವಾರ.

ಆ ಆಗಸ್ಟ್ 2ರ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಊರಿನ ಮೊದಲ ನಿವಾಸಿಗಳ ನೆನಪುಗಳಲ್ಲಿ ಇದು ಬರುತ್ತದೆ. ಅವತ್ತೇ ಒಬ್ಬ ಮೆಕ್ಸಿಕನ್ ಸವಾರ ಮೂಲನಿವಾಸಿಯೊಬ್ಬನ ಕತ್ತರಿಸಿದ ತಲೆಯನ್ನು ಕೈಯಲ್ಲಿ ಎತ್ತಿ ಹಿಡಿದು ಮೇನ್ ಸ್ಟ್ರೀಟ್‌ನಲ್ಲಿ ಕುದುರೆ ಓಡಿಸಿದ. ಹಿಕಾಕ್ ಸತ್ತ ಸುದ್ದಿಗೆ ಸೇರಿದ್ದ ಜನ ಅದನ್ನು ನೋಡಲು ಮುಗಿಬಿದ್ದರು. ಒಂದೇ ಬೀದಿ, ಒಂದೇ ದಿನ, ಎರಡು ಸಾವಿನ ಸುದ್ದಿ. ಒಂದು ಸಾವಿಗೆ ನಾಟಕವಿದೆ, ಸಮಾಧಿಯಿದೆ, ಅವನು ಕೂತಿದ್ದ ಕುರ್ಚಿ ಇದೇ ಅಂತ ಬಾರಿನ ಬಾಗಿಲ ಮೇಲೆ ಒಂದು ಕುರ್ಚಿಯನ್ನು ಗಾಜಿನೊಳಗೆ ಇಟ್ಟಿದ್ದಾರೆ. ಅವನು ಸತ್ತ ಬಾರು 1879ರ ಬೆಂಕಿಯಲ್ಲಿ ಸುಟ್ಟುಹೋಯಿತು, ಈಗಿನದು ಬೇರೆ ಜಾಗದಲ್ಲಿದೆ. ಇನ್ನೊಂದು ಸಾವಿನಲ್ಲಿ ಸತ್ತವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಸೆಪ್ಟೆಂಬರ್‌ನಲ್ಲಿ ಡೆಡ್‌ವುಡ್‌ಗೂ ಯುದ್ಧಕ್ಕೂ ನೇರವಾದ ನಂಟು ಬಿತ್ತು. ಜನರಲ್ ಕ್ರೂಕ್‌ನ ಸೈನ್ಯ ಲಕೋಟಾ ಜನರನ್ನು ಹುಡುಕುತ್ತಾ ಹೋಗಿ, ಮಳೆ ಕೆಸರಿನಲ್ಲಿ ಸಿಕ್ಕಿಕೊಂಡು, ಊಟವಿಲ್ಲದೆ ತನ್ನ ಕುದುರೆಗಳನ್ನೇ ಕೊಂದು ತಿನ್ನುವ ಸ್ಥಿತಿಗೆ ಬಂದಿತ್ತು. ಡೆಡ್‌ವುಡ್‌ನಿಂದ ಆಹಾರ ತರಲು ಕ್ಯಾಪ್ಟನ್ ಮಿಲ್ಸ್ ಜೊತೆ ಸುಮಾರು 150 ಜನರನ್ನು ಮುಂದೆ ಕಳಿಸಿದರು. ದಾರಿಯಲ್ಲಿ ಸ್ಲಿಮ್ ಬ್ಯೂಟ್ಸ್ ಎಂಬಲ್ಲಿ ಅವರಿಗೆ ಒಂದು ಲಕೋಟಾ ಬಿಡಾರ ಕಂಡಿತು. 37 ಡೇರೆಗಳು. ಸೆಪ್ಟೆಂಬರ್ 9ರ ಬೆಳಗಿನ ಜಾವ, ಜನ ಇನ್ನೂ ಮಲಗಿದ್ದಾಗ, ಮೇಲೆ ಬಿದ್ದರು. ಹೆಂಗಸರು, ಮಕ್ಕಳು ಪಕ್ಕದ ಕೊರಕಲಿಗೆ ಓಡಿ ಅವಿತುಕೊಂಡರು. ಸೈನಿಕರು ಗಂಟೆಗಟ್ಟಲೆ ಆ ಕೊರಕಲಿಗೆ ಗುಂಡು ಸುರಿಸಿದರು. ಅಮೆರಿಕನ್ ಹಾರ್ಸ್ ಎಂಬ ಹಿರಿಯ ನಾಯಕ ಹೊಟ್ಟೆ ಬಗೆದು ಹೊರಬಂದಿದ್ದ ಕರುಳನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ಎದ್ದು ಬಂದು ಶರಣಾದ. ಅವತ್ತೇ ಸತ್ತ. ಕೊರಕಲಿನೊಳಗೆ ಹೆಂಗಸರ ಹೆಣಗಳಿದ್ದವು. ಚಳಿಗಾಲಕ್ಕೆ ಅಂತ ಒಣಗಿಸಿಟ್ಟಿದ್ದ ಮಾಂಸವನ್ನು ಸೈನಿಕರು ತಿಂದರು, ಡೇರೆಗಳಿಗೆ ಬೆಂಕಿ ಇಟ್ಟರು. ಕೆಲವೇ ದಿನಗಳಲ್ಲಿ ಕ್ರೂಕ್ ಡೆಡ್‌ವುಡ್‌ಗೆ ಬಂದ. ಊರಿಗೆ ಊರೇ ಅವನನ್ನು ಸಂಭ್ರಮದಿಂದ ಬರಮಾಡಿಕೊಂಡಿತು.

ಡೆಡ್‌ವುಡ್ ತುಂಬಾ ಒರಟು ಊರಾಗಿತ್ತು, ಮಾತು ಮಾತಿಗೆ ಗುಂಡು ಹಾರುತ್ತಿತ್ತು ಅಂತ ಪ್ರವಾಸಿಗರಿಗೆ ಹೆಮ್ಮೆಯಿಂದ ಹೇಳುತ್ತಾರೆ. ಅದು ಊರು ತಾನೇ ಆರಿಸಿಕೊಂಡು ಹೇಳುವ ಹಿಂಸೆ. ಇಬ್ಬರು ಕುಡುಕರ ಜಗಳ, ಇಸ್ಪೀಟಿನ ಮೋಸ, ಒಂದು ಗುಂಡು, ಒಂದು ಹೆಣ. ನೋಡುವವರಿಗೆ ರೋಮಾಂಚನ, ಯಾರಿಗೂ ಪಾಪಪ್ರಜ್ಞೆ ಇಲ್ಲ. ಹಿಂಸೆಯನ್ನು ಮುಚ್ಚಿಡಲು ಶಾಂತಿಯ ಕಥೆಯೇ ಹೇಳಬೇಕು ಅಂತೇನಿಲ್ಲ. ಸಣ್ಣ ಹಿಂಸೆಯನ್ನು ದಿನಾ ಸಂಜೆ ದೊಡ್ಡದಾಗಿ ತೋರಿಸುತ್ತಿದ್ದರೆ ದೊಡ್ಡ ಹಿಂಸೆ ತಾನಾಗೇ ಮರೆಯಾಗುತ್ತದೆ.

ಲಕೋಟಾ ಜನ ಮಾತ್ರ ಮರೆಯಾದದ್ದಲ್ಲ. ಊರಿನ ಜೆಮ್ ಥಿಯೇಟರ್‌ನ ಮಾಲೀಕ ಅಲ್ ಸ್ವೆರೆಂಜೆನ್, ರಂಗದ ಮೇಲೆ ಕೆಲಸ ಕೊಡಿಸುತ್ತೇನೆ ಅಂತ ದೂರದೂರುಗಳಿಂದ ಹೆಣ್ಣುಮಕ್ಕಳನ್ನು ಕರೆಸಿ, ಬಂದ ಮೇಲೆ ವೇಶ್ಯಾವಾಟಿಕೆಗೆ ತಳ್ಳುತ್ತಿದ್ದ. ಬೀದಿ ಪ್ರದರ್ಶನಗಳಲ್ಲಿ ಇವರು ಬಣ್ಣದ ಲಂಗ ಹಾಕಿಕೊಂಡು ನಗುವ ಹೆಂಗಸರಾಗಿ ಬರುತ್ತಾರೆ. ಮೇನ್ ಸ್ಟ್ರೀಟ್‌ನ ಕೆಳಭಾಗದಲ್ಲಿ ಒಂದು ದೊಡ್ಡ ಚೀನೀಯರ ಕೇರಿ ಇತ್ತು. ಅಂಗಡಿ, ಲಾಂಡ್ರಿ, ಹೋಟೆಲು ಎಲ್ಲಾ ಇದ್ದವು. ವಿಂಗ್ ಸೂ ಎಂಬ ಹೆಸರಿನ ವ್ಯಾಪಾರದ ಕಟ್ಟಡಗಳು ಅಲ್ಲಿ ಉಳಿದಿದ್ದ ಕೊನೆಯ ಗುರುತು. 2005ರಲ್ಲಿ ಅವನ್ನೂ ಕೆಡವಿದರು.

ಈಗ 1877ಕ್ಕೆ ವಾಪಸ್ ಬರೋಣ. ಲಿಟಲ್ ಬಿಗ್‌ಹಾರ್ನ್ ಆದ ಮೇಲೆ, 1876ರ ಆಗಸ್ಟ್ 15ರಂದು ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿತು. ಬ್ಲ್ಯಾಕ್ ಹಿಲ್ಸ್ ಬಿಟ್ಟುಕೊಡುವ ತನಕ ಲಕೋಟಾ ಜನಕ್ಕೆ ರೇಷನ್ ಇಲ್ಲ. ಆ ಹೊತ್ತಿಗೆ ಕಾಡುಕೋಣದ ಹಿಂಡುಗಳು ಕರಗುತ್ತಾ ಬಂದು ಬಹಳ ಜನ ಆ ರೇಷನ್ ಮೇಲೇ ಬದುಕುತ್ತಿದ್ದರು. ಮಾರಿ ಇಲ್ಲವೇ ಉಪವಾಸ ಸಾಯಿರಿ ಅಂದ ಹಾಗಾಯಿತು. ಸಹಿ ಹಾಕಿಸಲು ಒಂದು ಆಯೋಗ ಬಂತು. ನಾಲ್ಕರಲ್ಲಿ ಮೂರು ಪಾಲು ಸಹಿ ಬೇಕು ಅಂದೆನಲ್ಲ? ಸಿಕ್ಕಿದ್ದು ಶೇಕಡಾ 10ರಷ್ಟು. ಆದರೂ 1877ರ ಫೆಬ್ರವರಿ 28ರಂದು ಸಂಸತ್ತು ಕಾನೂನು ಮಾಡಿ ಬೆಟ್ಟಗಳನ್ನು ತೆಗೆದುಕೊಂಡಿತು. ಸುಮಾರು 73 ಲಕ್ಷ ಎಕರೆ.

ಮೆಕಾಲ್‌ನನ್ನು ಗಲ್ಲಿಗೆ ಹಾಕಿದ ತಾರೀಕು ಮಾರ್ಚ್ 1 ಅಂತ ಆಗಲೇ ಹೇಳಿದೆ. ಅಂದರೆ ಮಾರನೇ ದಿನ.

ಈ ಎರಡು ತಾರೀಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಡಿಸೆಂಬರ್‌ನಲ್ಲಿ ಸರ್ಕಾರದ ನ್ಯಾಯಾಲಯ ಹೇಳುತ್ತದೆ: ಡೆಡ್‌ವುಡ್ ಇರುವುದು ಮೂಲನಿವಾಸಿಗಳ ನೆಲದಲ್ಲಿ, ಆದ್ದರಿಂದ ಅಲ್ಲಿನ ಕೋರ್ಟು ಕೋರ್ಟೇ ಅಲ್ಲ. ಒಬ್ಬ ಬಿಳಿಯನನ್ನು ಕೊಂದ ಇನ್ನೊಬ್ಬ ಬಿಳಿಯನಿಗೆ ಶಿಕ್ಷೆ ಕೊಡಲು 1868ರ ಒಪ್ಪಂದ ಬೇಕಾಯಿತು. ಆಗ ಅದು ಜೀವಂತ ಕಾನೂನು. ಅದೇ ಚಳಿಗಾಲದಲ್ಲಿ ವಾಷಿಂಗ್ಟನ್‌ನಲ್ಲಿ ಅದೇ ಒಪ್ಪಂದವನ್ನು ಮುರಿಯುವ ಕಾಗದ ತಯಾರಾಗುತ್ತಿತ್ತು. ಆ ನೆಲ ಲಕೋಟಾ ಜನರದು ಎಂಬ ಕಾರಣಕ್ಕೆ ಒಬ್ಬನ ಕೊರಳಿಗೆ ಹಗ್ಗ ಬಿತ್ತು. ಬಿದ್ದ ದಿನ ಆ ನೆಲ ಲಕೋಟಾ ಜನರದಾಗಿ ಉಳಿದಿರಲಿಲ್ಲ. ಇದಕ್ಕಿಂತ ಗಟ್ಟಿಯಾದ ನಾಟಕ ಆ ಊರಿನ ಇತಿಹಾಸದಲ್ಲಿ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ಆ ನೆಲದಿಂದ ಏನು ಸಿಕ್ಕಿತು ಅಂತಲೂ ತಿಳಿದಿರಲಿ. ಡೆಡ್‌ವುಡ್ ಪಕ್ಕದ ಲೀಡ್ ಎಂಬ ಊರಿನಲ್ಲಿ 1876ರಲ್ಲೇ ಹೋಮ್‌ಸ್ಟೇಕ್ ಗಣಿ ಶುರುವಾಯಿತು. ಮುಂದಿನ ವರ್ಷ ಜಾರ್ಜ್ ಹರ್ಸ್ಟ್ ಎಂಬ ಉದ್ಯಮಿ ಅದನ್ನು ಕೊಂಡ. ಶತಮಾನಕ್ಕೂ ಹೆಚ್ಚು ಕಾಲ ನಡೆದ ಆ ಒಂದೇ ಗಣಿಯಿಂದ ಸುಮಾರು 4 ಕೋಟಿ ಔನ್ಸ್ ಚಿನ್ನ ತೆಗೆದರು. ಕೋಲಾರದ ಕಡೆಯವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ಒಂದು ಮಾತು. ನಮ್ಮ ಕೆಜಿಎಫ್ 2001ರಲ್ಲಿ ಮುಚ್ಚಿದ ಮೇಲೆ ಹೆಚ್ಚು ದಿನ ಕಳೆಯುವ ಮೊದಲೇ ಹೋಮ್‌ಸ್ಟೇಕ್ ಕೂಡ ಮುಚ್ಚಿತು. ಭೂಮಿಯ ಆಳದಲ್ಲಿ ನ್ಯೂಟ್ರಿನೊ ಕಣಗಳನ್ನು ಹಿಡಿಯುವ ಪ್ರಯೋಗ 1960ರ ದಶಕದಲ್ಲಿ ಎರಡೂ ಗಣಿಗಳಲ್ಲಿ ನಡೆಯಿತು. ಹೋಮ್‌ಸ್ಟೇಕ್‌ನಲ್ಲಿ ಆ ಕೆಲಸ ಮಾಡಿದ ರೇ ಡೇವಿಸ್‌ಗೆ 2002ರಲ್ಲಿ ನೊಬೆಲ್ ಬಂತು. ಈ ನಂಟು ಗೊತ್ತಾದಾಗ ನನಗೆ ತುಂಬಾ ಖುಷಿಯಾಗಿತ್ತು, ಅದಕ್ಕೇ ಇಲ್ಲಿ ಹೇಳಿದೆ.

ಇನ್ನು 1927. ಡೇಸ್ ಆಫ್ ಸೆವೆಂಟಿಸಿಕ್ಸ್ ಎಂಬ ಒಂದು ಹಬ್ಬವನ್ನು ಡೆಡ್‌ವುಡ್ 1924ರಲ್ಲಿ ಶುರು ಮಾಡಿತ್ತು. ಮೆರವಣಿಗೆ, ಕುದುರೆ ಸವಾರಿ, 1876ರ ವೇಷಗಳು. ಈಗಲೂ ನಡೆಯುತ್ತದೆ. 1927ರ ಬೇಸಿಗೆಯಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಬ್ಲ್ಯಾಕ್ ಹಿಲ್ಸ್‌ನಲ್ಲೇ ಬಿಡಾರ ಮಾಡಿದ್ದ. ಆಗಸ್ಟ್ 4ರಂದು ಡೆಡ್‌ವುಡ್‌ನ ಈ ಹಬ್ಬಕ್ಕೆ ಬಂದ. ಅಲ್ಲಿ ಲಕೋಟಾ ಜನ ಅವನನ್ನು ತಮ್ಮವನಾಗಿ ಸ್ವೀಕರಿಸಿ, ಹದ್ದಿನ ಗರಿಗಳ ಉದ್ದನೆಯ ಕಿರೀಟ ತೊಡಿಸಿದರು. ಸೂಟು ಬೂಟು ಹಾಕಿದ ಗಂಭೀರ ಮುಖದ ಅಧ್ಯಕ್ಷ, ತಲೆ ಮೇಲೆ ಗರಿಗಳು. ಆ ಫೋಟೊ ಪತ್ರಿಕೆಗಳಲ್ಲೆಲ್ಲಾ ಬಂತು.

ಕಿರೀಟ ತೊಡಿಸಿದ ಸಮಾರಂಭದಲ್ಲಿ ಮುಂದೆ ನಿಂತಿದ್ದವರು ಚಾನ್ಸಿ ಯೆಲ್ಲೋ ರೋಬ್, ಜೊತೆಯಲ್ಲಿ ಅವರ ಮಗಳು ರೋಸ್‌ಬಡ್. ಯೆಲ್ಲೋ ರೋಬ್ ಸಾಮಾನ್ಯರಲ್ಲ. ಹುಡುಗನಾಗಿದ್ದಾಗ ಮನೆಯಿಂದ ದೂರದ ಕಾರ್ಲೈಲ್ ಶಾಲೆಗೆ ಕಳಿಸಲ್ಪಟ್ಟು, ಅಲ್ಲಿ ಓದಿ, ಆಮೇಲೆ ರ‍್ಯಾಪಿಡ್ ಸಿಟಿಯ ಶಾಲೆಯಲ್ಲಿ ಕೆಲಸ ಮಾಡಿದವರು. ಮೂಲನಿವಾಸಿಗಳನ್ನು ಕುಣಿಸಿ, ಕಿರುಚಿಸಿ ದುಡ್ಡು ಮಾಡುವ ಪ್ರದರ್ಶನಗಳನ್ನು ಅವರು ಕಂಡಾಬಟ್ಟೆ ವಿರೋಧಿಸಿದ್ದರು. 1890ರ ಡಿಸೆಂಬರ್ 29ರಂದು ವುಂಡೆಡ್ ನೀ ಎಂಬಲ್ಲಿ ಸೈನ್ಯ ಇನ್ನೂರೈವತ್ತಕ್ಕೂ ಹೆಚ್ಚು ಲಕೋಟಾ ಜನರನ್ನು ಕೊಂದಿತ್ತು. ಸತ್ತವರಲ್ಲಿ ಹೆಂಗಸರು ಮಕ್ಕಳೇ ಜಾಸ್ತಿ. 1913ರಲ್ಲಿ ಬಫಲೊ ಬಿಲ್ ಎಂಬ ಪ್ರದರ್ಶನಗಾರ ಅದೇ ನೆಲಕ್ಕೆ ಹೋಗಿ, ಲಕೋಟಾ ಜನರಿಂದಲೇ ಅದನ್ನು ಮತ್ತೆ ಆಡಿಸಿ ಸಿನಿಮಾ ತೆಗೆದ. ಕೊಲೆಯನ್ನು ಯುದ್ಧ ಅಂತ ತೋರಿಸಿದ ಆ ಕೆಲಸದ ವಿರುದ್ಧ ಯೆಲ್ಲೋ ರೋಬ್ ಮರುವರ್ಷ ಕಟುವಾಗಿ ಮಾತಾಡಿದರು. ಅಂಥವರು 1927ರಲ್ಲಿ ಡೆಡ್‌ವುಡ್‌ನ ಹಬ್ಬದಲ್ಲಿ ಯಾಕೆ ನಿಂತರು? ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ದೇಶದ ಅಧ್ಯಕ್ಷ ಎದುರಿಗೆ ಬಂದು ನಿಲ್ಲುವುದು ದಿನಾ ಆಗುವ ಮಾತಲ್ಲ. ಗೌರವ ಕೊಟ್ಟು, ನಮ್ಮ ಜನರನ್ನು ನೋಡಿಕೋ ಅಂತ ಹೇಳಲು ಸಿಕ್ಕ ವೇದಿಕೆ ಅದೊಂದೇ.

ಆ ಫೋಟೊ ನೋಡುವ ಎಷ್ಟು ಜನಕ್ಕೆ ಇದು ಗೊತ್ತಿದೆ ಹೇಳಿ: ಅವತ್ತು ಅಮೆರಿಕ ಸರ್ಕಾರದ ಮೇಲೆ ಲಕೋಟಾ ಜನರು ಹೂಡಿದ ಖಟ್ಲೆ ನ್ಯಾಯಾಲಯದಲ್ಲಿತ್ತು. ಕೇಸು ಹಾಕಲು ಅವರಿಗೆ ಅವಕಾಶ ಸಿಕ್ಕಿದ್ದೇ 1920ರಲ್ಲಿ. 1923ರಲ್ಲಿ ಹೂಡಿದರು. ಬ್ಲ್ಯಾಕ್ ಹಿಲ್ಸ್ ನಮ್ಮದು, ಕಿತ್ತುಕೊಂಡಿದ್ದೀರಿ ಅಂತ. ಗರಿಗಳ ಕಿರೀಟ ಇಟ್ಟುಕೊಂಡ ಅಧ್ಯಕ್ಷ ನಿಂತಿದ್ದದ್ದು ಅದೇ ಕೇಸಿನ ಜಮೀನಿನ ಮೇಲೆ. ಹಬ್ಬದ ವೇಷಗಳಲ್ಲಿ 1876 ಇತ್ತು, 1868 ಇರಲಿಲ್ಲ.

ಆ ಖಟ್ಲೆ ಎಷ್ಟು ದೂರ ಹೋಯಿತು ನೋಡಿ. 1942ರಲ್ಲಿ ತಳ್ಳಿಹಾಕಿದರು. ಮತ್ತೆ ಬೇರೆ ದಾರಿಯಲ್ಲಿ ಬಂದರು. ಕೊನೆಗೆ 1980ರ ಜೂನ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಜನ ಲಕೋಟಾ ಕಡೆ. ಬೆಟ್ಟಗಳನ್ನು ನ್ಯಾಯವಾದ ಪರಿಹಾರ ಕೊಡದೆ ತೆಗೆದುಕೊಂಡಿದ್ದೀರಿ ಅಂದರು. ಇಷ್ಟು ಅಪ್ರಾಮಾಣಿಕವಾದ ವ್ಯವಹಾರ ನಮ್ಮ ಇತಿಹಾಸದಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ ಎಂಬ ಅರ್ಥದ ಕೆಳಗಿನ ಕೋರ್ಟಿನ ಮಾತನ್ನು ತೀರ್ಪಿನಲ್ಲಿ ಉಲ್ಲೇಖಿಸಿದರು. 1877ರ ಬೆಲೆ 1.71 ಕೋಟಿ ಡಾಲರ್, ಅದರ ಮೇಲೆ ಅಂದಿನಿಂದ ಶೇಕಡಾ 5ರ ಬಡ್ಡಿ, ಒಟ್ಟು 10 ಕೋಟಿಗೂ ಮೀರಿತು. ಲಕೋಟಾ ಜನ ಆ ದುಡ್ಡನ್ನು ತೆಗೆದುಕೊಳ್ಳಲಿಲ್ಲ. ಸರ್ಕಾರದ ಖಾತೆಯಲ್ಲಿ ಅದು ಬೆಳೆಯುತ್ತಾ ಬಂದು 100 ಕೋಟಿ ಡಾಲರ್ ದಾಟಿದೆ. ಇವತ್ತಿಗೂ ಮುಟ್ಟಿಲ್ಲ.

ಅಂದಹಾಗೆ, ಡೆಡ್‌ವುಡ್ ಮೇನ್ ಸ್ಟ್ರೀಟ್‌ನ ಮಹಡಿಗಳಲ್ಲಿ ನಡೆಯುತ್ತಿದ್ದ ವೇಶ್ಯಾಗೃಹಗಳನ್ನು ಕೇಂದ್ರದ ಅಧಿಕಾರಿಗಳು ಮುಚ್ಚಿಸಿದ್ದೂ ಅದೇ 1980ರಲ್ಲಿ, ತೀರ್ಪಿಗೆ ಒಂದು ತಿಂಗಳ ಮುಂಚೆ. ಮುಚ್ಚಬೇಡಿ ಅಂತ ಊರಿನ ಜನ ಬೀದಿಗಿಳಿದರು.

ನಾಟಕ ಆಡುವವರ ಮೇಲೆ ನನಗೆ ಕೋಪವಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ದಪ್ಪ ಕೋಟು ಹಾಕಿಕೊಂಡು ದಿನಾ ಅದೇ ಮಾತುಗಳನ್ನು ಹೊಸದಾಗಿ ಹೇಳುವುದು ಸುಲಭದ ಕೆಲಸವಲ್ಲ. ಆ ಊರು ಹಳೇ ಕಟ್ಟಡಗಳನ್ನು ಚೆನ್ನಾಗಿ ಕಾಪಾಡಿಕೊಂಡಿದೆ. 1989ರ ನವೆಂಬರ್‌ನಿಂದ ಜೂಜಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದೇ ಪರಂಪರೆ ಉಳಿಸಲು ಹಣ ಬೇಕು ಎಂಬ ಕಾರಣಕ್ಕೆ. ನಾನು ಕೇಳುವುದು ಒಂದೇ. ಇನ್ನೊಂದು ದೃಶ್ಯ ಸೇರಿಸಿ. ಯಾಂಕ್ಟನ್‌ನ ಕೋರ್ಟು. ಮೆಕಾಲ್‌ನ ವಕೀಲ ಎದ್ದು ನಿಂತು, ಇವನಿಗೆ ಒಂದು ಸಲ ವಿಚಾರಣೆ ಆಗಿದೆ ಅನ್ನಲಿ. ನ್ಯಾಯಾಧೀಶ 1868ರ ಒಪ್ಪಂದವನ್ನು ತೆಗೆದು ಜೋರಾಗಿ ಓದಲಿ. ಜ್ಯೂರಿಯಲ್ಲಿ ಕೂತ ಪ್ರವಾಸಿ ಮಗು ಪಕ್ಕದಲ್ಲಿದ್ದ ಅಪ್ಪನನ್ನು, ಹಾಗಾದರೆ ಈ ಊರು ಯಾರದು ಅಂತ ಕೇಳಲಿ. ಹತ್ತು ನಿಮಿಷದ ದೃಶ್ಯ. ಹೊಸದಾಗಿ ಏನನ್ನೂ ಕಲ್ಪಿಸಬೇಕಾಗಿಲ್ಲ.

ಹಳೆಯದನ್ನು ಮತ್ತೆ ಮಾಡಿ ತೋರಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಲಕೋಟಾ ಜನರೇ 1986ರಲ್ಲಿ ಒಂದು ಕುದುರೆ ಯಾತ್ರೆ ಶುರು ಮಾಡಿದರು. ಬಿಗ್ ಫುಟ್ ಎಂಬ ನಾಯಕ ತನ್ನ ಜನರನ್ನು ಕರೆದುಕೊಂಡು 1890ರ ಡಿಸೆಂಬರ್‌ನಲ್ಲಿ ವುಂಡೆಡ್ ನೀ ಕಡೆ ಹೋದ ದಾರಿಯಲ್ಲೇ, ಅದೇ ದಿನಗಳಲ್ಲಿ, ಮೈಕೊರೆಯುವ ಚಳಿಯಲ್ಲಿ ಸವಾರಿ. 1990ಕ್ಕೆ ನೂರು ವರ್ಷ ತುಂಬಿದಾಗ ವುಂಡೆಡ್ ನೀಯಲ್ಲಿ ಕಣ್ಣೀರು ಒರೆಸುವ ವಿಧಿ ಮಾಡಿದರು. ಆಮೇಲೆ ಇದನ್ನು ಹೊಸ ತಲೆಮಾರಿನವರು ಮುಂದುವರಿಸಿದರು. ಅಲ್ಲಿ ಟಿಕೆಟ್ ಇಲ್ಲ, ಗುಂಡಿನ ಸದ್ದಿಲ್ಲ, ಯಾರೂ ಸೈನಿಕನ ವೇಷ ಹಾಕುವುದಿಲ್ಲ. ಹತ್ತು ಹನ್ನೆರಡು ವರ್ಷದ ಮಕ್ಕಳೂ ಸವಾರಿ ಮಾಡುತ್ತಾರೆ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಹಿರಿಯರೊಬ್ಬರು ಕೇಳಿದರು: ದುಡ್ಡು ಬೇಡ ಅಂದರೆ ಮತ್ತೇನು ಬೇಕಂತೆ? ಅಲ್ಲಿರುವವರನ್ನೆಲ್ಲಾ ಎಬ್ಬಿಸಿ ಕಳಿಸೋದಾ?

ಈ ಪ್ರಶ್ನೆ ಬಹಳ ಜನರ ಮನಸ್ಸಿನಲ್ಲಿ ಇರುತ್ತದೆ, ಆದ್ದರಿಂದ ಅವರಿಗೆ ಕೊಟ್ಟ ಉತ್ತರವನ್ನೂ ಬರೆಯುತ್ತೇನೆ. ದುಡ್ಡು ತೆಗೆದುಕೊಂಡರೆ ಮಾರಿದ ಹಾಗಾಗುತ್ತದೆ, ಬ್ಲ್ಯಾಕ್ ಹಿಲ್ಸ್ ಮಾರಾಟಕ್ಕಿಲ್ಲ ಎಂಬುದು ಲಕೋಟಾ ಜನರ ನಿಲುವು. ಅವರ ಪೈನ್ ರಿಡ್ಜ್ ಪ್ರದೇಶ ಅಮೆರಿಕದಲ್ಲೇ ಅತಿ ಬಡ ಜಾಗಗಳಲ್ಲಿ ಒಂದು, ಹಾಗಿದ್ದೂ ಈ ನಿಲುವು. ಇನ್ನು ಎಬ್ಬಿಸಿ ಕಳಿಸುವ ಮಾತು. 1985ರಲ್ಲಿ ಸೆನೆಟರ್ ಬಿಲ್ ಬ್ರಾಡ್ಲಿ ಒಂದು ಮಸೂದೆ ತಂದಿದ್ದರು. ಬ್ಲ್ಯಾಕ್ ಹಿಲ್ಸ್‌ನಲ್ಲಿ ಕೇಂದ್ರ ಸರ್ಕಾರದ ಕೈಯಲ್ಲಿರುವ ನೆಲದಲ್ಲಿ ಸುಮಾರು 13 ಲಕ್ಷ ಎಕರೆಯನ್ನು ವಾಪಸ್ ಕೊಡಬೇಕು ಅಂತ. ಖಾಸಗಿಯವರ ಮನೆ, ಹೊಲ, ಅಂಗಡಿ ಯಾವುದನ್ನೂ ಮುಟ್ಟುವ ಹಾಗಿರಲಿಲ್ಲ. ರಶ್ಮೋರ್ ಕೂಡ ಸರ್ಕಾರದ ಹತ್ತಿರವೇ ಉಳಿಯುತ್ತಿತ್ತು. ಡೆಡ್‌ವುಡ್‌ನ ಒಂದು ಬಾರಿನ ಒಂದು ಕುರ್ಚಿಯೂ ಕದಲುತ್ತಿರಲಿಲ್ಲ. ಆ ಮಸೂದೆ ಸಮಿತಿಯನ್ನು ದಾಟಿ ಹೊರಗೆ ಬರಲೇ ಇಲ್ಲ. ಬೆಟ್ಟಗಳ ನಡುವೆ ಪೆ ಸ್ಲಾ ಎಂಬ ಒಂದು ವಿಶಾಲ ಹುಲ್ಲುಗಾವಲಿದೆ. ಲಕೋಟಾ ಜನಕ್ಕೆ ಪವಿತ್ರವಾದ ಜಾಗ. 2012ರಲ್ಲಿ ಅದರ ಸುಮಾರು 1,900 ಎಕರೆ ಮಾರಾಟಕ್ಕೆ ಬಂದಾಗ ಹಲವು ಬುಡಕಟ್ಟುಗಳು ಸೇರಿ ದುಡ್ಡು ಹೊಂದಿಸಿ, 90 ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡವು.